ಜೆಸಿಬಿ ಬರುವ ಮೊದಲಿನ ಕೆಲಸ

ಬೆಂಗಳೂರಿನ ಯಾವುದೋ ಸ್ಲಂಗೆ ಜೆಸಿಬಿ ನುಗ್ಗಿದ ದಿನ ಎಡಪಕ್ಷದವರು, ದಲಿತ ಸಂಘಟನೆಯವರು, ವಕೀಲರು, ವಿದ್ಯಾರ್ಥಿಗಳು ಎಲ್ಲರೂ ಓಡಿ ಬರುತ್ತಾರೆ. ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟೊತ್ತಿಗೆ ಅರ್ಧ ಸೋತಾಗಿರುತ್ತದೆ. ಮನೆಯ ಹೋರಾಟ ಗೆಲ್ಲುವುದು ಜಾಗದ ದಾಖಲೆ, ಗೆಜೆಟ್ ಪ್ರತಿ, ಸರ್ವೆ ಪಟ್ಟಿ, ಮತದಾರರ ಪಟ್ಟಿ, ಈ ನಾಲ್ಕರಲ್ಲಿ. ಬೇಜಾರಿನ ಕೆಲಸ. ಫೋಟೊಗೂ ಚೆನ್ನಾಗಿರಲ್ಲ. ಅದಕ್ಕೇ ನಮ್ಮಲ್ಲಿ ಮಾಡುವವರು ಕಡಿಮೆ.

ಮೊದಲು ಜಾಗ ಯಾರದು ಅಂತ ತಿಳಿಯಬೇಕು. ನಗರದ ಹೊರವಲಯವಾದರೆ ಸರ್ವೆ ನಂಬರ್ ಹಾಕಿ ಪಹಣಿ ತೆಗೆಯಬಹುದು. ಹಳೇ ಬಡಾವಣೆಗಳ ನಡುವೆ ಸಿಕ್ಕಿಕೊಂಡ ಸ್ಲಂ ಆದರೆ ಪಾಲಿಕೆಯ ಖಾತೆ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಡತ ಕೆದಕಬೇಕು. ರೈಲ್ವೆ ಅಥವಾ ರಕ್ಷಣಾ ಇಲಾಖೆಯ ಜಾಗವಾದರೆ ರಾಜ್ಯ ಸರ್ಕಾರದ ಬಾಗಿಲಲ್ಲಿ ಎಷ್ಟು ಧರಣಿ ಕೂತರೂ ಕೇಂದ್ರದ ಒಪ್ಪಿಗೆ ಇಲ್ಲದೆ ಕೆಲಸ ಆಗಲ್ಲ. ಖಾಸಗಿಯದಾದರೆ ಮಾಲೀಕ ಕೋರ್ಟಿಗೆ ಹೋಗುತ್ತಾನೆ ಅಂತಲೇ ಲೆಕ್ಕ ಹಾಕಿ ಶುರು ಮಾಡಿ.

ಆಮೇಲೆ 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆ. ಅದರ ಸೆಕ್ಷನ್ 3ರಲ್ಲಿ ಕೊಳಚೆ ಪ್ರದೇಶ ಅಂತ ಘೋಷಣೆ, 11ರಲ್ಲಿ ನಿರ್ಮೂಲನಾ ಪ್ರದೇಶ ಅಂತ ಘೋಷಣೆ, 17ರಲ್ಲಿ ಭೂಸ್ವಾಧೀನ. 'ನಮ್ದು ಘೋಷಿತ ಸ್ಲಂ' ಅಂತ ಮುಖಂಡ ಹೇಳಿದ ಕೂಡಲೇ ನಂಬಬೇಡಿ, ಯಾವ ಸೆಕ್ಷನ್ ಅಂತ ಕೇಳಿ. ಸೆಕ್ಷನ್ 3ರಲ್ಲೇ ವರ್ಷಗಟ್ಟಲೆ ನಿಂತುಬಿಟ್ಟಿದ್ದರೆ ಚರಂಡಿ, ನಲ್ಲಿ ಬಂದಾವು, ನೆಲ ನಿಮ್ಮದಾಗಲ್ಲ.

ಕಾಗದ ತೆಗೆಸಲು ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಹಾಗಾಗಿ ಅರ್ಜಿಯನ್ನು ಕಾರ್ಯಕರ್ತರು ಹಾಕುವ ಬದಲು ಅಲ್ಲೇ ವಾಸವಿರುವ ಬಿಪಿಎಲ್ ಕಾರ್ಡಿನ ಹೆಂಗಸರ ಹೆಸರಲ್ಲಿ ಹಾಕಿ, ಕಾರ್ಡಿನ ನಕಲು ಲಗತ್ತಿಸಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಮ್ಮವರು ಎರಡು ಪುಟ ಭಾಷಣ ಬರೆದು ಕೊನೆಯಲ್ಲಿ ಏಳು ಪ್ರಶ್ನೆ ಕೇಳುತ್ತಾರೆ, ಅರ್ಜಿ ತಿರಸ್ಕೃತವಾಗಿ ವಾಪಸ್ ಬರುತ್ತದೆ. ಅಧಿಸೂಚನೆ ಪ್ರತಿಗೆ ಒಂದು, ಫಲಾನುಭವಿ ಪಟ್ಟಿಗೆ ಒಂದು, ಜಾಗದ ನಕ್ಷೆಗೆ ಇನ್ನೊಂದು ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿಗೆ ಮತ್ತೆ 30 ದಿನವಿದೆ. ಆ ತಾರೀಕನ್ನು ಗೋಡೆಯ ಕ್ಯಾಲೆಂಡರ್ ಮೇಲೇ ಬರೆದಿಡಿ.

ಹೆಚ್ಚು ಜನ ಬೀಳುವುದು ಫಲಾನುಭವಿಗಳ ಮನೆಮನೆ ಸರ್ವೆಯಲ್ಲಿ. ಸಿಬ್ಬಂದಿ ಬರುವುದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಮನೆಗೆಲಸದವರು, ಗಾರ್ಮೆಂಟ್ಸ್‌ನವರು, ಗಾರೆ ಕೆಲಸದವರು ಯಾರೂ ಮನೆಯಲ್ಲಿರಲ್ಲ. ಪಟ್ಟಿಯಲ್ಲಿ 'ಬೀಗ ಹಾಕಿದೆ' ಅಂತ ಬೀಳುತ್ತದೆ. ಅಂತಿಮ ಪಟ್ಟಿ ಬಂದಾಗ ಆ ಮನೆ ಮಾಯ, ಅದರ ಜಾಗದಲ್ಲಿ ಮುಖಂಡನ ಭಾಮೈದನ ಹೆಸರು. ಸರ್ವೆಗೆ ಭಾನುವಾರ ಬೇಕು ಅಂತ ಲಿಖಿತವಾಗಿ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದಕ್ಕೂ ಮೊದಲು ನಿಮ್ಮದೇ ಸರ್ವೆ ಮುಗಿದಿರಲಿ: ಬಾಗಿಲಿಗೆ ನಂಬರ್, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್, ಮನೆಯೊಡತಿಯ ಹೆಸರು ಆಧಾರ್‌ನಲ್ಲಿ ಹೇಗಿದೆಯೋ ಹಾಗೇ. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮಿ ಅಂತಿದ್ದರೆ ಅಷ್ಟಕ್ಕೇ ಹಕ್ಕುಪತ್ರ ನಿಲ್ಲುತ್ತದೆ. ಬಾಡಿಗೆಗಿರುವವರನ್ನು ಸಂಘಗಳೇ ಪಟ್ಟಿಯಿಂದ ಬಿಡುತ್ತವೆ, ಇದು ನಾಚಿಕೆಗೇಡು. ಒಕ್ಕಲೆಬ್ಬಿಸುವಾಗ ಬೀದಿಗೆ ಬೀಳುವವರಲ್ಲಿ ಅವರೂ ಇರುತ್ತಾರೆ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದೇಶಿಗಳು' ಅಂತ ಹಣೆಪಟ್ಟಿ ಹಚ್ಚಿ ಶೆಡ್ ಕೆಡವಿದಾಗ, ಅಲ್ಲಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು. ವಿಷಯ ಹೈಕೋರ್ಟ್ ತನಕ ಹೋಯಿತು. ಬಾಡಿಗೆ ಕೊಟ್ಟ ಪುರಾವೆ ಫೋನ್‌ಪೇಯಲ್ಲೇ ಇರುತ್ತದೆ, ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದಿಟ್ಟರೆ ಸಾಕು.

ಮನೆ ಕೆಡವುವ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2024ರ ನವೆಂಬರ್ 13ರ ತೀರ್ಪನ್ನು ಎಲ್ಲರೂ ಶೇರ್ ಮಾಡುತ್ತಾರೆ: 15 ದಿನದ ನೋಟಿಸ್, ಖುದ್ದು ವಿಚಾರಣೆ, ತೆರವಿನ ವಿಡಿಯೊ. ಹಳೇ ತಾರೀಕು ಹಾಕಿ ನೋಟಿಸ್ ಸೃಷ್ಟಿಸದಂತೆ ಜಿಲ್ಲಾಧಿಕಾರಿ ಕಚೇರಿಗೆ ಇಮೇಲ್ ಹೋಗಬೇಕು ಅಂತಲೂ ಅದರಲ್ಲಿದೆ. ಆ ಇಮೇಲ್‌ನ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಎಷ್ಟೋ ಬಣ್ಣ ಬಯಲಾಗುತ್ತದೆ. ಆದರೆ ರಸ್ತೆ, ಫುಟ್‌ಪಾತ್, ರೈಲ್ವೆ ಹಳಿಯ ಪಕ್ಕ, ನದಿ ಮತ್ತು ಜಲಮೂಲದ ಜಾಗಕ್ಕೆ ಈ ರಕ್ಷಣೆ ಇಲ್ಲ ಅಂತ ಅದೇ ತೀರ್ಪು ಹೇಳಿದೆ. ಬಡವರು ಗುಡಿಸಲು ಹಾಕಿಕೊಳ್ಳುವುದು ಹೆಚ್ಚಾಗಿ ಅಂಥ ಜಾಗದಲ್ಲೇ. ಕೆರೆ ಅಂಚಿನವರಿಗೆ ಈ ತೀರ್ಪು ತೋರಿಸಿ ಧೈರ್ಯ ಹೇಳಬೇಡಿ, ಅವರಿಗಾಗಿ ಬದಲಿ ಜಾಗದ ಮಾತನ್ನು ಈಗಲೇ ಎತ್ತಿ.

ಬದಲಿ ಜಾಗ ಅಂದಾಗ ದೂರ ಎಷ್ಟು ಅಂತ ಮೊದಲು ಕೇಳಿ. 2013ರ ಜನವರಿಯಲ್ಲಿ ಕೋರಮಂಗಲ ಪಕ್ಕದ ಈಜಿಪುರದ ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ) ಕ್ವಾರ್ಟರ್ಸ್‌ ತೆರವಾದ ಮೇಲೆ ಕೆಲವರ ಪಾಲಿಗೆ ಬಂದದ್ದು ಸರ್ಜಾಪುರ ಕಡೆಯ ಸೂಲಿಕುಂಟೆ. ಕೋರಮಂಗಲದ ಮನೆಗೆಲಸ ನೆಚ್ಚಿದ್ದವರು ಅಲ್ಲಿಂದ ದಿನಾ ಬರುವುದು ಹೇಗೆ? ಇನ್ನೊಂದು ನಷ್ಟದ ಬಗ್ಗೆ ಯಾರೂ ಮಾತಾಡಲ್ಲ. ಒಟ್ಟಿಗಿದ್ದ ಮತ ಚೆದುರಿಹೋದರೆ ಆ ವಾರ್ಡಿನಲ್ಲಿ ಅವರ ಮಾತು ಕೇಳುವವರಿರಲ್ಲ.

ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಅದೇ ಐದು ಪಾಲಿಕೆಯಾಯಿತು, ವಾರ್ಡುಗಳು 369. ಗಡಿ ಬದಲಾದಾಗ ಒಂದೇ ಸ್ಲಂನ ಎರಡು ಬೀದಿ ಎರಡು ವಾರ್ಡಿಗೆ ಹೋಗಬಹುದು. ಮತದಾರರ ಕರಡು ಪಟ್ಟಿ ಹಿಡಿದು ಬೀದಿ ಬೀದಿ ತಾಳೆ ನೋಡಿ, ಬಿಟ್ಟುಹೋದವರಿಗೆ ಫಾರಂ 6, ವಿಳಾಸ ಬದಲಾದವರಿಗೆ ಫಾರಂ 8.

ಅಭ್ಯರ್ಥಿ ಕೈಮುಗಿದು ಬಂದಾಗ ಬೋರ್‌ವೆಲ್, ಗಣೇಶನ ಪೆಂಡಾಲು ಕೇಳಿ ಕಳಿಸಬೇಡಿ. ಹಕ್ಕುಪತ್ರ ಕೊಡುವುದು ಕಾರ್ಪೊರೇಟರ್ ಕೈಯಲ್ಲಿಲ್ಲ, 'ಕೊಡಿಸ್ತೀನಿ' ಅಂದವನು ಸುಳ್ಳು ಹೇಳುತ್ತಿದ್ದಾನೆ. ಆದರೆ ಜಾಗ ಪಾಲಿಕೆಯದಾದರೆ ಅದರ ಮಾತು ಕೌನ್ಸಿಲ್ ಮುಂದೆ ಬರುತ್ತದೆ. ಅಲ್ಲಿ ನಮ್ಮ ಪರ ಕೈ ಎತ್ತುತ್ತೀಯಾ ಅಂತ ಕಡತ ಸಂಖ್ಯೆ ಸಮೇತ ಕೇಳಿ, ಸಹಿ ಹಾಕಿಸಿಕೊಳ್ಳಿ. ಸಂಘ ನೋಂದಣಿಯಾಗಿಲ್ಲದಿದ್ದರೆ ಅದೂ ಈಗಲೇ ಆಗಲಿ. 1960ರ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು. ವಾರ್ಡ್ ಸಮಿತಿಗೆ ಹೆಸರು ಕೊಡುವಾಗ ಅಪಾರ್ಟ್‌ಮೆಂಟಿನವರು ನೋಂದಣಿ ಪತ್ರ ಹಿಡಿದೇ ಬರುತ್ತಾರೆ.