ಜರ್ಮನ್‌ನಲ್ಲಿ ಕಳೆದುಹೋದ ನನ್ನ 'ಮಾರಾಯ್ತಿ'

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಇದು ನಾಲ್ಕನೇ ವರ್ಷ. ಹೋದ ವಾರ ಆಫೀಸಲ್ಲಿ ಒಬ್ರು ಪ್ರೀತಿಯಿಂದಾನೇ ಹೇಳಿದ್ರು, ನೀನು ತುಂಬಾ ಶಾಂತ ಸ್ವಭಾವದವಳು, ಅಳೆದು ತೂಗಿ ಮಾತಾಡ್ತೀಯ ಅಂತ. ನಂಗೆ ಅಳುನೇ ಬಂತು. ತೀರ್ಥಹಳ್ಳಿ ಮನೇಲಿ ಅಮ್ಮ ದಿನಾ ಹೇಳ್ತಿದ್ದದ್ದು "ಬಾಯಿಗೆ ಸ್ವಲ್ಪ ಬೀಗ ಹಾಕೇ ಮಾರಾಯ್ತಿ" ಅಂತ. ಆ ಹುಡುಗೀನ ಇಲ್ಲಿ ಯಾರೂ ನೋಡೇ ಇಲ್ಲ. ನಾನು ಅಳೆಯೋದು ತೂಗೋದು ಇಲ್ಲಿ ಪದದ ಲಿಂಗಕ್ಕೆ ಡೆರ್ ಬರತ್ತಾ ಡೀ ಬರತ್ತಾ, ಕ್ರಿಯಾಪದ ಎಲ್ಲಿಡ್ಲಿ ಅಂತ, ಅಷ್ಟೊತ್ತಿಗೆ ಮಾತು ಬೇರೆ ಕಡೆ ಹೋಗಿರತ್ತೆ, ಹೇಳ್ಬೇಕು ಅಂದ್ಕೊಂಡ ತಮಾಷೆ ಗಂಟಲಲ್ಲೇ ಉಳಿಯತ್ತೆ.

ಜರ್ಮನ್ ಭಾಷೆಯ ಬಿ1, ಅಂದ್ರೆ ಮಧ್ಯಮ ಹಂತದ ಪರೀಕ್ಷೆ ಪಾಸಾಗಿದೀನಿ. ಕ್ಲಾಸಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟು, ಮನೆ ಬಾಡಿಗೆ, ದೂರಿನ ಪತ್ರ ಎಲ್ಲಾ ಕಲಿಸಿದ್ರು. ದೊಖ್, ಮಾಲ್, ಹಾಲ್ಟ್, ಯಾ, ಈ ಚಿಕ್ಕಚಿಕ್ಕ ಪದಗಳು ಬಂದಾಗ ಮಾತ್ರ ಇದಕ್ಕೆ ಅರ್ಥ ಅಂತ ಏನಿಲ್ಲ, ಕೇಳ್ತಾ ಕೇಳ್ತಾ ಬರತ್ತೆ ಅಂದ್ಬಿಟ್ರು. ಅರ್ಥ ಇಲ್ದೆ ಏನು! "ಕೊಮ್ ಹೇರ್" ಅಂದ್ರೆ "ಇಲ್ಲಿ ಬಾ", ಅಪ್ಪಣೆ ಕೊಟ್ಟ ಹಾಗೆ. "ಕೊಮ್ ಮಾಲ್ ಹೇರ್" ಅಂದ್ರೆ "ಸ್ವಲ್ಪ ಬಾರೇ ಇಲ್ಲಿ". ನಮ್ಮ ಕಣೇ, ಅಲ್ವಾ, ತಾನೇ, ಮಾರಾಯ್ತಿ ಮಾಡೋ ಕೆಲಸಾನೇ ಅದು. ಅವನ್ನೆಲ್ಲ ಆರಿಸಿ ತೆಗೆದು ಒಂದಿನ ಕನ್ನಡ ಮಾತಾಡಿ ನೋಡಿ, ಮನೆಯವ್ರು ಯಾಕೆ ಸಿಟ್ಟಾ ಅಂತ ಕೇಳ್ತಾರೆ. ನಾನು ಈ ಊರಲ್ಲಿ ಮೂರು ವರ್ಷ ಹಾಗೇ ಮಾತಾಡಿದೀನಿ.

ಇಂಗ್ಲಿಷಿನ "ಐ ಆಮ್ ಕೋಲ್ಡ್" ಅನ್ನೋದನ್ನ ಹಾಗೇ ತಿರುಗಿಸಿ "ಇಷ್ ಬಿನ್ ಕಾಲ್ಟ್" ಅಂದ್ರೆ ನಾನು ಮನಸ್ಸೇ ತಣ್ಣಗಿರೋಳು ಅನ್ನೋ ಹಾಗಾಗತ್ತೆ. ಚಳಿ ಆಗ್ತಿದೆ ಅನ್ನೋಕೆ "ಮಿಯರ್ ಇಸ್ಟ್ ಕಾಲ್ಟ್", ಅಂದ್ರೆ ನಮ್ಮ "ನಂಗೆ ಚಳಿ", ಹಾಗೇ ಇದೆ! ಇದನ್ನ ಯಾರಾದ್ರೂ ಮೊದಲೇ ಹೇಳಿದ್ರೆ ನಾನು ಕನ್ನಡ ಹಿಡ್ಕೊಂಡೇ ಕಲೀತಿದ್ದೆ.

2003ರಲ್ಲಿ ಒಂದು ಅಧ್ಯಯನ ಬಂದಿತ್ತು, ದೊಡ್ಡವರಾದ್ಮೇಲೆ ಇಂಗ್ಲಿಷ್ ಕಲಿತ ಟರ್ಕಿಯವರಿಗೆ ಎರಡೂ ಭಾಷೆಲಿ ಮಾತು ಕೇಳಿಸಿ ಭಾವನೆ ಉಕ್ಕಿದಾಗ ಚರ್ಮದಲ್ಲಾಗೋ ಬದಲಾವಣೆ ಅಳೆದಿದ್ರು. ಚಿಕ್ಕಮಕ್ಕಳಿಗೆ ಬೈಯೋ ಮಾತು ಟರ್ಕಿಷ್‌ನಲ್ಲಿ ಕೇಳಿದಾಗ ಮೈ ಹೆಚ್ಚು ಸ್ಪಂದಿಸ್ತಿತ್ತು. ನಂಗೆ ಆಶ್ಚರ್ಯ ಆಗ್ಲಿಲ್ಲ, ಅಮ್ಮನ ಒಂದು "ಥೂ" ಸಾಕು ನಂಗೆ ಇವತ್ತಿಗೂ.

ಭಾಷೆ ಕಲಿಸೋರು ದೊಖ್, ಮಾಲ್ ಥರದ ಈ ಚಿಕ್ಕ ಪದಗಳನ್ನ ಮೊದಲ ತಿಂಗಳಲ್ಲೇ ಕಲಿಸ್ಬೇಕು ಅಂತ ನಂಗನ್ಸತ್ತೆ, ಬೆಂಗಳೂರಲ್ಲಿ ಹೊರಗಿನವ್ರಿಗೆ ಕನ್ನಡ ಕಲಿಸೋರೂ ಅಷ್ಟೇ, ಎಷ್ಟು, ಎಲ್ಲಿ, ಬೇಡ ಮಾತ್ರ ಕಲಿಸಿದ್ರೆ ಅವ್ರು ವ್ಯಾಪಾರ ಮಾಡ್ತಾರೆ, ನಮ್ಮ ಜೊತೆ ಸೇರೋದು ಹೇಗೆ?

ಮೇಲ್ಮನೆ ಅಜ್ಜಿಯ ಗಂಡ ಚಳಿಗಾಲದಲ್ಲಿ ತೀರಿಕೊಂಡ್ರು. ಮೆಟ್ಟಿಲ ಹತ್ರ ಸಿಕ್ಕಾಗ ನಾನು "ಹೆರ್ಟ್ಸ್‌ಲಿಷೆಸ್ ಬೈಲೈಟ್" ಅಂದೆ, ಅಂದ್ರೆ ಹೃತ್ಪೂರ್ವಕ ಸಂತಾಪ, ಕಾರ್ಡ್ ಮೇಲೆ ಅಚ್ಚು ಹಾಕಿದ್ದನ್ನ ಓದಿದ ಹಾಗಿತ್ತು. ಅವ್ರು ಡಾಂಕೆ, ಥ್ಯಾಂಕ್ಸ್ ಅಂತ ಹೇಳಿ ಹೋದ್ರು. ಆ ಸಂಕಟ ತುಂಬಾ ದಿನ ಕಾಡ್ತು. ಒಂದೆರಡು ವಾರ ಬಿಟ್ಟು ನಂದೊಂದು ಪಾರ್ಸೆಲ್ ಇಸ್ಕೊಂಡಿದ್ರು ಅಂತ ಕೊಡೋಕೆ ಬಂದು ಬಾಗಿಲಲ್ಲೇ ನಿಂತಿದ್ರು. ನನ್ನ ಬಾಯಿಂದ "ಕೊಮೆನ್ ಜೀ ದೊಖ್ ರೈನ್" ಅಂತ ಬಂದ್ಬಿಡ್ತು, ಅಯ್ಯೋ ಬನ್ನಿ ಅಜ್ಜಿ ಒಳಗೆ ಅನ್ನೋ ಧಾಟೀಲೇ. ಅವ್ರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ್ರು, ಗಂಡನ ವಿಷಯ ಒಂದು ಗಂಟೆ ಮಾತಾಡಿದ್ರು.