ವನವಾಟು ಅಂದ್ರೆ ಲಲಿತ್ ಮೋದಿ, ಅಷ್ಟೇನಾ?

ನಿನ್ನೆ ಒಂದು ಶಾಲೆಯ ಕ್ವಿಜ್‌ಗೆ ಕರೆದಿದ್ದರು. ನಿವೃತ್ತ ಮೇಷ್ಟ್ರುಗಳಿಗೆ ಉಳಿದಿರೋ ಉದ್ಯೋಗ ಅದೊಂದೇ, ಶಾಲು ಹೊದ್ದು ಮುಂದಿನ ಸಾಲಲ್ಲಿ ಕೂರೋದು. ಪ್ರಶ್ನೆ ಬಂತು: ಐಪಿಎಲ್ ಕಟ್ಟಿ ಆಮೇಲೆ ದೇಶ ಬಿಟ್ಟ ಲಲಿತ್ ಮೋದಿ ಪೌರತ್ವ ಪಡೆದಿದ್ದ ದ್ವೀಪರಾಷ್ಟ್ರ ಯಾವುದು? ಏಳನೇ ಕ್ಲಾಸಿನ ಹುಡುಗನೊಬ್ಬ ಬಜರ್ ಒತ್ತಿ 'ವನವಾಟು' ಅಂದ. ಚಪ್ಪಾಳೆ. ನಾನೂ ತಟ್ಟಿದೆ. ತಟ್ಟಿದ ಮೇಲೆ ಮೈ ಉರಿಯಿತು.

ಅಲ್ಲ ಸ್ವಾಮಿ, ಒಂದು ದೇಶದ ಬಗ್ಗೆ ನಮ್ಮ ಮಕ್ಕಳು ತಿಳೀಬೇಕಾದ್ದು ಇಷ್ಟೇನಾ?

2024ರ ಡಿಸೆಂಬರ್ ತೆಗೆದುಕೊಳ್ಳಿ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಹವಾಮಾನ ಬದಲಾವಣೆಯ ವಿಚಾರಣೆ. ಅಮೆರಿಕ, ಚೀನಾ, ನಾವು, ಎಲ್ಲರೂ ಅಲ್ಲಿ ನಿಂತು ಮಾತಾಡಬೇಕಾಯಿತು. ಎಳೆದು ತಂದದ್ದು ಯಾರು? ಇದೇ ವನವಾಟು. 2019ರಲ್ಲಿ ಅದರ ರಾಜಧಾನಿ ಪೋರ್ಟ್ ವಿಲಾದಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು ಶುರುಮಾಡಿದ್ದು. ಕ್ಲಾಸ್‌ರೂಮಿನಲ್ಲಿ ಹುಟ್ಟಿದ ಮಾತು 2023ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ದಾಟಿ ಹೇಗ್‌ವರೆಗೆ ಹೋಯಿತು.

ವಿಚಾರಣೆ ಮುಗಿದದ್ದು ಡಿಸೆಂಬರ್ 13ಕ್ಕೆ. 17ಕ್ಕೆ ಪೋರ್ಟ್ ವಿಲಾದಲ್ಲಿ 7.3 ತೀವ್ರತೆಯ ಭೂಕಂಪ. 14 ಜನ ಸತ್ತರು. ನವೆಂಬರ್‌ನಲ್ಲೇ ಸಂಸತ್ತು ವಿಸರ್ಜನೆಯಾಗಿತ್ತು. ಕುಸಿದ ಕಟ್ಟಡಗಳ ನಡುವೆಯೇ 2025ರ ಜನವರಿ 16ಕ್ಕೆ ಚುನಾವಣೆ ಮಾಡಿದರು. ನಮ್ಮಲ್ಲಿ ಮಳೆ ಬಂದರೆ ಪಂಚಾಯ್ತಿ ಮೀಟಿಂಗ್ ಮುಂದಕ್ಕೆ ಹೋಗುತ್ತೆ!

ಫೆಬ್ರವರಿಯಲ್ಲಿ ಜೋಥಮ್ ನಪಟ್ ಪ್ರಧಾನಿಯಾದರು. ಮಾರ್ಚ್ 10ಕ್ಕೆ ಅವರು ಲಲಿತ್ ಮೋದಿ ಪಾಸ್‌ಪೋರ್ಟ್ ರದ್ದುಮಾಡಿ ಅಂದರು. ಭಾರತಕ್ಕೆ ಹಸ್ತಾಂತರ ಆಗೋದನ್ನ ತಪ್ಪಿಸಿಕೊಳ್ಳೋದು ಪೌರತ್ವ ಕೇಳಲು ಕಾರಣ ಆಗಲ್ಲ ಅನ್ನೋದು ಅವರ ವಾದ. ಅವತ್ತು ನಮ್ಮ ಚಾನೆಲ್‌ಗಳಿಗೆ ಆ ದೇಶ ಕಾಣಿಸಿತು, ಅದೂ ಬೀಚಿನ ಫೋಟೋ ಸಮೇತ. ಸತ್ತ 14 ಜನ ಆಗಲಿ, 27 ವಿದ್ಯಾರ್ಥಿಗಳಾಗಲಿ ಕಾಣಿಸಿರಲಿಲ್ಲ.

'ಅವರೂ ದುಡ್ಡಿಗೆ ಪೌರತ್ವ ಮಾರ್ತಾರಲ್ಲ ಸಾರ್' ಅಂತೀರಿ. ಹೌದು, ಮಾರ್ತಾರೆ. ಅದಕ್ಕೇ ಯುರೋಪಿಯನ್ ಒಕ್ಕೂಟ ಅವರ ವೀಸಾ ವಿನಾಯಿತಿಯನ್ನೇ ಕಿತ್ತುಹಾಕಿತು, ಅದೂ ಅದೇ ಡಿಸೆಂಬರ್‌ನಲ್ಲಿ. ಒಳ್ಳೆಯ ದಂಧೆ ಅಂತ ನಾನೂ ಹೇಳಲ್ಲ. ಆದರೆ ಮೂರು ಲಕ್ಷ ಚಿಲ್ಲರೆ ಜನ, ನಮ್ಮ ಶಿವಮೊಗ್ಗ ಪಟ್ಟಣದಷ್ಟು. ಚಂಡಮಾರುತ ಬಂದು ಹೋದಮೇಲೆ ಮತ್ತೆ ಕಟ್ಟಬೇಕು, ಕಟ್ಟಿ ಮುಗಿಯೋದರೊಳಗೆ ಇನ್ನೊಂದು ಬರುತ್ತೆ. 2023ರ ಮಾರ್ಚ್‌ನಲ್ಲಿ ಒಂದೇ ವಾರದೊಳಗೆ ಎರಡು ಬಂದವು. ಮಾರೋನಿಗೆ ಬುದ್ಧಿ ಹೇಳೋ ಮೊದಲು ಕೊಳ್ಳೋಕೆ ಹೋದೋನು ಯಾವ ಊರವನು ಅಂತಲೂ ನೋಡಿಕೊಳ್ಳಿ.

2025ರ ಜುಲೈ 23ಕ್ಕೆ ಹೇಗ್‌ನಿಂದ ತೀರ್ಪು ಬಂತು. ತೀರ್ಪು ಅಂದರೆ ಸಲಹಾ ಅಭಿಪ್ರಾಯ, ಯಾರನ್ನೂ ಕಟ್ಟಿಹಾಕಲ್ಲ, ಗೊತ್ತು. ಆದರೂ ಹವಾಮಾನ ಕಾಪಾಡೋದು ದೇಶಗಳ ಕಾನೂನುಬದ್ಧ ಕರ್ತವ್ಯ, ತಪ್ಪಿದರೆ ಪರಿಹಾರ ಕೊಡಬೇಕಾಗಿ ಬರಬಹುದು ಅಂತ ನ್ಯಾಯಾಧೀಶರೆಲ್ಲ ಒಮ್ಮತದಿಂದ ಹೇಳಿದರು. ಮಾರನೇ ದಿನ ಪೇಪರ್ ತಿರುಗಿಸಿ ನೋಡಿದೆ. ನನ್ನ ಮನೆಗೆ ಬರೋ ಪೇಪರಲ್ಲಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು.

ಇಷ್ಟೆಲ್ಲ ಕೂಗಾಡ್ತಿರೋ ನಾನು ಸಾಚಾ ಅಲ್ಲ. ಲಲಿತ್ ಮೋದಿ ಜೋಕನ್ನ ಮಾರ್ಚ್‌ನಲ್ಲಿ ಮೂರು ಗ್ರೂಪಿಗೆ ಫಾರ್ವರ್ಡ್ ಮಾಡಿದ್ದೀನಿ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದೆನಲ್ಲ, ನಕ್ಷೆಯಲ್ಲಿ ಆಸ್ಟ್ರೇಲಿಯಾ ತೋರಿಸಿ, ಬಲಗಡೆಯ ಚುಕ್ಕಿಗಳ ಮೇಲೆ ಕೋಲು ಆಡಿಸಿ, 'ಇವೆಲ್ಲ ಪರೀಕ್ಷೆಗೆ ಬರಲ್ಲ, ಬಿಡ್ರೋ' ಅಂದವನು ನಾನೇ.

ಕ್ವಿಜ್ ಮುಗಿದ ಮೇಲೆ ಆ ಹುಡುಗನ್ನ ಕರೆದು ಇದೆಲ್ಲ ಹೇಳಿದೆ. ಪಾಪ, ಕೈಯಲ್ಲಿ ಸರ್ಟಿಫಿಕೇಟ್ ಹಿಡಿದು ಚಡಪಡಿಸ್ತಾ ನಿಂತಿದ್ದ. ಕೊನೆಗೆ ಕೇಳಿದ, 'ಅಲ್ಲಿ ಕ್ರಿಕೆಟ್ ಆಡ್ತಾರಾ ಸಾರ್?'

ಆಡ್ತಾರೆ ಕಣೋ. ಅವರ ಹೆಣ್ಣುಮಕ್ಕಳು 2024ರಲ್ಲಿ ವಿಶ್ವಕಪ್ ಅರ್ಹತಾ ಟೂರ್ನಿಯಲ್ಲಿ ಜಿಂಬಾಬ್ವೆಯನ್ನ ಸೋಲಿಸಿದ್ದಾರೆ ಅಂದೆ.

'ಹೌದಾ?' ಅಂತ ಅಲ್ಲೇ ಕೂತ.