ಎಮ್ಮೆಗೊಂದು ನ್ಯಾಯ, ಕಾಕಾಗೊಂದು ನ್ಯಾಯ

ಹೋದ ತಿಂಗಳು ನಮ್ಮ ಕಾಕಾನ ಎಮ್ಮೆಗೆ ಕೆಚ್ಚಲು ಬಾವು ಬಂತು. ವಿಜಯಪುರದ ಹತ್ತಿರದ ನಮ್ಮ ಹಳ್ಳಿಗೆ ದನದ ಡಾಕ್ಟರು ಬಂದರು. ಸೂಜಿ ಮಾಡಿದರು, ಐದು ದಿನದ ಔಷಧ ಬರೆದರು. ಇನ್ನೇನು ಬೈಕ್ ಹತ್ತಬೇಕು, ಕಾಕಾ ಅಡ್ಡ ನಿಂತ.

“ಸಾಹೇಬ್ರ, ಎಮ್ಮಿ ಗಬ್ಬ ಐತ್ರಿ, ನಾಕ್ ತಿಂಗಳು. ಈ ಗುಳಿಗಿ ನಡೀತೈತೇನ್ರಿ? ಮೇವು ತಿಂದ ಮ್ಯಾಲ ಕೊಡ್ಲೋ, ಮೊದ್ಲ ಕೊಡ್ಲೋ? ಹ್ವಾದ ವರ್ಷ ಒಂದ್ ಸೂಜಿಗೆ ಮೈಯೆಲ್ಲಾ ದದ್ದು ಎದ್ದಿದ್ದುವು, ಇದು ಅದ ಅಲ್ಲ ಹೌದಲ್ರಿ? ಮೊನ್ನೆರ ಜಂತಿನ ಔಷಧ ಹಾಕೀವಿ, ಎರಡೂ ಕೂಡಿದ್ರ ಏನರ ಆಗತೈತೇನು? ಹಾಲು ಎಷ್ಟ್ ದಿನ ಡೇರಿಗಿ ಹಾಕಬಾರ್ದು?”

ಡಾಕ್ಟರು ಬೈಕಿನ ಸ್ಟ್ಯಾಂಡ್ ಮತ್ತೆ ಹಾಕಿದರು. ಒಂದೊಂದಕ್ಕೂ ನಿಂತು ಉತ್ತರ ಕೊಟ್ಟರು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಔಷಧ ನುಂಗುವ ಮುಂಚೆ ಒಬ್ಬ ಮನುಷ್ಯ ಕೇಳಬೇಕಾದ ಅಷ್ಟೂ ಪ್ರಶ್ನೆ ಕಾಕಾ ಕೇಳಿದ್ದ. ಎಮ್ಮೆಯ ಪರವಾಗಿ.

ಅದೇ ಸಂಜೆ ಕಟ್ಟೆ ಮೇಲೆ ಕೂತು ಕಾಕಾ ಮೊಣಕಾಲು ಒತ್ತಿಕೊಂಡ. ಎದುರು ಮನೆಯವರು ಅಂಗಿ ಕಿಸೆಗೆ ಕೈ ಹಾಕಿ ಒಂದು ಗುಳಿಗೆ ತೆಗೆದರು. “ನಂಗೂ ಹಿಂಗ ಇತ್ತು. ಇದನ್ನ ತಗೊಂಡೆ ನೋಡು, ಓಡಾಡಾಕ ಹತ್ತೀನಿ.” ಕಾಕಾ ಹೆಸರು ಕೇಳಲಿಲ್ಲ. ಖಾಲಿ ಹೊಟ್ಟೆಯಲ್ಲಿ ಚಹಾದ ಜೊತೆ ಇಳಿಸಿಬಿಟ್ಟ. ಕಾಕಾಗೆ ಬಿಪಿ ಇದೆ. ನೋವಿನ ಗುಳಿಗೆಗಳಲ್ಲಿ ಹಲವು ಬಿಪಿ ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ದಿನಾ ನುಂಗಿದರೆ ಕಿಡ್ನಿಗೂ ಕೈ ಹಾಕುತ್ತವೆ. ಅದನ್ನೇ ಹೇಳಿದೆ.

“ಅವ್ರಿಗೇನೂ ಆಗಿಲ್ಲಲ್ಲೋ ತಮ್ಮಾ!”

ಎದುರು ಮನೆಯವರ ಹೊಟ್ಟೆಯೂ ತನ್ನ ಹೊಟ್ಟೆಯೂ ಒಂದೇ ಎನ್ನುವಷ್ಟು ಸಲಿಗೆ.

ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತದೆ ಅಂತಾರೆ. ನಮ್ಮ ಕಡೆ ಡಾಕ್ಟರ ಚೀಟಿಯೂ ಹಾಗೇ. ಬರೆದದ್ದು ಒಬ್ಬರಿಗೆ. ಅದು ಅವರ ಹೆಂಡತಿಗೆ, ಅಳಿಯನಿಗೆ, ಬೀಗರಿಗೆ, ಬೀಗರ ಓಣಿಗೆ ಕೇಳುತ್ತಾ ಹೋಗುತ್ತದೆ. ಏಳನೆಯವರನ್ನು ಮುಟ್ಟುವ ಹೊತ್ತಿಗೆ ಔಷಧದ ಹೆಸರು ಅಳಿಸಿಹೋಗಿ ಬಣ್ಣ ಮಾತ್ರ ಉಳಿದಿರುತ್ತದೆ. “ಗುಲಾಬಿ ಬಣ್ಣದ್ದು, ಉದ್ದಂದು, ನಾಕ್ ಕೊಡ್ರಿ” ಅಂತ ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಸಿಕ್ಕೂ ಬಿಡುತ್ತದೆ. ರವಿಕೆ ಕಣ ಕೇಳಿದರೂ ಅಂಗಡಿಯವರು ಇದಕ್ಕಿಂತ ಜಾಸ್ತಿ ವಿಚಾರಿಸುತ್ತಾರೆ.

ಕಾನೂನು ಕಡಿಮೆ ಇದೆ ಅಂತಲ್ಲ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎನ್ನುವುದಕ್ಕೇ ಗುಳಿಗೆ ಪಟ್ಟಿಯ ಮೇಲೆ ಕೆಂಪು ಗೆರೆ ಎಳೆದಿರುತ್ತಾರೆ. 2016ರಲ್ಲಿ ಕೇಂದ್ರ ಸರ್ಕಾರ ಆ ಗೆರೆಯ ಬಗ್ಗೆ ಪ್ರಚಾರವನ್ನೂ ಮಾಡಿತು. ಕೆಲವು ಆ್ಯಂಟಿಬಯಾಟಿಕ್‌ಗಳು ‘ಶೆಡ್ಯೂಲ್ ಎಚ್ 1’ ಎನ್ನುವ ಸರ್ಕಾರಿ ಯಾದಿಯಲ್ಲಿ ಬರುತ್ತವೆ. ಅವನ್ನು ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆ ಎಂದು ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. 2014ರಿಂದ ಇದೇ ನಿಯಮ. ಗೆರೆಯ ಅರ್ಥ ಏನು ಗೊತ್ತಾ ಎಂದು ಕಾಕಾನನ್ನು ಕೇಳಿದೆ.

“ಗೊತ್ತಿಲ್ಲೇನು? ಪವರ್ ಜಾಸ್ತಿ ಅಂತ. ಗೆರಿ ಇಲ್ಲದ್ದು ಸಪ್ಪನ್ನದು.”

ಮರುದಿನ ಕಾಕಾ ತಾನೇ ಹೋಗಿ ಇನ್ನು ನಾಲ್ಕು ತಂದ. ಅಂಗಡಿಯವರು ಹತ್ತರ ಪಟ್ಟಿಯಿಂದ ಕತ್ತರಿಯಲ್ಲಿ ಕಚಕ್ ಅಂತ ಕತ್ತರಿಸಿ ಕೊಟ್ಟಿದ್ದರು. ತಾರೀಕು ಮುಗಿದಿದೆಯೇನೋ ಎಂದು ತಿರುವಿ ನೋಡಿದೆ. ತಾರೀಕಿದ್ದ ತುದಿ ಅಂಗಡಿಯಲ್ಲೇ ಉಳಿದಿತ್ತು. ಹೆಸರಿನ ತಲೆಯೂ ಅಲ್ಲೇ. ನಮ್ಮ ಪಾಲಿಗೆ ಬಂದದ್ದು ಬಾಲ ಮತ್ತು ‘ಟ್ಯಾಬ್ಲೆಟ್ಸ್’ ಎನ್ನುವ ಪದ. ಗುಳಿಗೆ ಎನ್ನುವುದಂತೂ ಖಾತ್ರಿಯಾಯಿತು.

ನಾಲ್ಕನೇ ದಿನ ಹೊಟ್ಟೆ ಉರಿ ಶುರುವಾಯಿತು. ವಿಜಯಪುರದ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ತಲೆ ಎತ್ತದೆ ಕೇಳಿದರು, “ಬೇರೆ ಗುಳಿಗಿ ಏನರ ತಗೋತೀರೇನು?”

“ಏನೂ ಇಲ್ರಿ.”

ನಾನು ಕಾಲು ತುಳಿದೆ. “ಬಿಪಿದು ತಗೋತೀಯಲ್ಲ ಕಾಕಾ?”

“ಅದು ದಿನಾ ತಗೊಳ್ಳೂದು. ಅದೆಲ್ಲಿ ಔಷಧ?”

“ಆ ಪುಡಿ?”

“ಅದು ಬೇರಿನ ಪುಡಿ. ಅದೂ ಔಷಧಲ್ಲ.”

“ಮತ್ತ ಮೊಣಕಾಲಿಂದು?”

“ಅದು ನಂದಲ್ಲೋ, ಎದುರು ಮನಿಯವರದು!”

ಡಾಕ್ಟರು ಆಗ ತಲೆ ಎತ್ತಿದರು. ಪಾಪ, ಅವರದೂ ಅವಸರವೇ, ಹೊರಗೆ ನಲವತ್ತು ಮಂದಿ ಕೂತಿದ್ದರು. ಮೊದಲ ಗುಳಿಗೆ ಬಿಡಿಸಿ ಬೇರೆ ಬರೆದುಕೊಟ್ಟರು. ಓದಲು ಬರುವಂತೆ, ಆದಷ್ಟು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ ಎಂದು ಆಗಿನ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ಹೇಳಿತ್ತು. ಕಾಕಾನ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿದ್ದದ್ದು ದವಾಖಾನೆಯ ಹೆಸರು ಒಂದೇ. ಇದು ಊಟಕ್ಕಿಂತ ಮುಂಚೆಯೋ ಆಮೇಲೋ ಎಂದು ಕಾಕಾ ಕೇಳಲಿಲ್ಲ. ಎಮ್ಮೆ ಜೊತೆಗಿರಲಿಲ್ಲ.

ಕಾಕು ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದ ಗುಳಿಗೆ ಕೂಡಿಡುತ್ತಾಳೆ. ಜ್ವರದ್ದು, ನೆಗಡಿದು, ಮೈಕೈ ನೋವಿಂದು ಅಂತ ಮೂರು ಹೆಸರು. ಬೆಳಕಿಗೆ ಹಿಡಿದು ಓದಿದರೆ ಮೂರರಲ್ಲೂ ಪ್ಯಾರಾಸಿಟಮಾಲ್. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು, ದಾಟಿದರೆ ಲಿವರ್‌ಗೆ ಕುತ್ತು. ಜ್ವರ, ನೆಗಡಿ, ಮೈಕೈ ನೋವು ಮೂರೂ ಒಟ್ಟಿಗೇ ಬರುತ್ತವೆ, ಅಲ್ವಾ? ಮೂರನ್ನೂ ಒಟ್ಟಿಗೇ ಕೊಡುವುದು ಕಾಕುವಿನ ಪದ್ಧತಿ. ಡಬ್ಬಿಯ ತಳದಲ್ಲಿ, ದೀಪಾವಳಿಯಲ್ಲಿ ಕಾಕಾನ ಹಲ್ಲಿಗೆ ಬರೆದ ಆ್ಯಂಟಿಬಯಾಟಿಕ್ ಇತ್ತು. ಐದು ದಿನದ ಕೋರ್ಸ್. ಎರಡನೇ ದಿನ ನೋವು ಹೋಯಿತಂತೆ, ಉಳಿದದ್ದು ಡಬ್ಬಿಗೆ.

ಎಮ್ಮೆ ಮೂರನೇ ದಿನಕ್ಕೇ ಚೆನ್ನಾಗಿ ಮೇಯುತ್ತಿತ್ತು. ಇನ್ನು ಗುಳಿಗೆ ನಿಲ್ಲಿಸಬಹುದಲ್ಲ ಎಂದು ಸುಮ್ನೆ ಕೆಣಕಿದ್ದೆ. ಕಾಕಾ ಸಿಟ್ಟಾಗಿದ್ದ. “ಹುಚ್ಚದೀಯೇನು? ಕೋರ್ಸ್ ಅರ್ಧಕ್ಕ ಬಿಟ್ರ ರೋಗ ಗಟ್ಟಿ ಆಗತೈತಿ!”

ಡಬ್ಬಿ ಮುಚ್ಚುವಾಗ ಧೂಳಿಗೆ ನನಗೆ ಎರಡು ಸೀನು ಬಂದವು. ಕಾಕಾ ಹಲ್ಲಿನ ಪಟ್ಟಿಯಿಂದ ಒಂದು ಗುಳಿಗೆ ಒತ್ತಿ ತೆಗೆದು ಅಂಗೈ ಮೇಲಿಟ್ಟ.

“ನುಂಗು. ಕೆಂಪು ಗೆರಿ ಐತಿ.”